ಅಲಗಿಗೆಷ್ಟು, ಹೆಸರಿಗೆಷ್ಟು?

ಮಡಚುವ ಚಾಕು ಒಂದಕ್ಕೆ 400 ಡಾಲರಿಗೂ ಮೇಲೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 35 ಸಾವಿರ ರೂಪಾಯಿ. ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ಊರಿನಲ್ಲಿ ಕ್ರಿಸ್ ರೀವ್ ಕಂಪನಿ ಮಾಡುವ ಸೆಬೆಂಜಾ ಚಾಕುವಿನ ಬೆಲೆ ಇದು. ಮೂರು ಮೂರೂವರೆ ಅಂಗುಲದ ಅಲಗು, ಟೈಟಾನಿಯಂ ಹಿಡಿ, ನಾಲ್ಕಾರು ತಿರುಪು. ಕೊಂಡವರು ಅದರಿಂದ ಬಹುಪಾಲು ಏನು ಕೊಯ್ಯುತ್ತಾರೆ ಎಂದು ಕೇಳಬಾರದು. ಕೊರಿಯರ್‌ನಲ್ಲಿ ಬಂದ ರಟ್ಟಿನ ಪೆಟ್ಟಿಗೆಯ ಟೇಪು.

ಈ ಗೀಳು ಈಗ ಅಮೆರಿಕದಲ್ಲಷ್ಟೇ ಇಲ್ಲ. ವಾರಾಂತ್ಯಕ್ಕೆ ಕುಮಾರಪರ್ವತ ಹತ್ತಲು ಹೊರಡುವ ನಮ್ಮ ಹುಡುಗರ ಸೊಂಟದಲ್ಲೂ ಸೈನಿಕರ ಚಾಕುವಿನಂತೆ ಕಾಣುವ, ‘ಟ್ಯಾಕ್ಟಿಕಲ್’ ಎಂದು ಕರೆಸಿಕೊಳ್ಳುವ ಕಪ್ಪು ಚಾಕುಗಳು ಕಾಣುತ್ತವೆ. ಅಷ್ಟು ದುಡ್ಡು ಕೊಡುವುದು ತಕ್ಕುದೇ ಎಂದು ಅವರಲ್ಲಿ ಕೆಲವರು ನಿಜವಾದ ಕಳಕಳಿಯಿಂದಲೇ ಕೇಳುತ್ತಾರೆ. ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆಯಲ್ಲಿ ಹುರುಳಿದೆ.

ಚಾಕುವಿನ ಗುಣ ಇರುವುದು ಹದದಲ್ಲಿ. ಎಂಥ ಉಕ್ಕು ಎಂಬುದರಷ್ಟೇ ಅದನ್ನು ಎಷ್ಟು ಕಾಯಿಸಿದರು, ಹೇಗೆ ತಣಿಸಿದರು, ಮತ್ತೆ ಎಷ್ಟು ಬಿಸಿಗೆ ಹಿಡಿದರು ಎಂಬುದೂ ಮುಖ್ಯ. ಹದ ಏರಿದರೆ ಬಾಯಿ ಮುಕ್ಕಾಗುತ್ತದೆ, ಇಳಿದರೆ ಎರಡೇ ದಿನಕ್ಕೆ ಮೊಂಡಾಗುತ್ತದೆ. ತಮಾಷೆಯೆಂದರೆ ಈ ಹದ ಕಣ್ಣಿಗೆ ಕಾಣುವುದಿಲ್ಲ. ಒಂದೇ ಉಕ್ಕಿನ ಎರಡು ಅಲಗುಗಳನ್ನು ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟರೆ ಯಾವುದರ ಹದ ಕೆಟ್ಟಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಗೊತ್ತಾಗುವುದು ಮನೆಗೆ ತಂದು ತಿಂಗಳು ಕಳೆದ ಮೇಲೆ.

ಹಳ್ಳಿಯಲ್ಲಿ ಇದು ಸಮಸ್ಯೆಯೇ ಅಲ್ಲ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು ಕುಲುಮೆಯಲ್ಲಿ ಕಾಯಿಸಿ, ಬಣ್ಣ ನೋಡಿಯೇ ಹದ ಹಿಡಿಯುವ ಕಮ್ಮಾರ ಅಲ್ಲೇ ಇರುತ್ತಾನೆ. ಮಚ್ಚು ಮುಕ್ಕಾದರೆ ಹೋಗಿ ಅವನ ಮುಂದೆ ಹಾಕಿದರಾಯಿತು. ಗೊಣಗುತ್ತಲೇ ಇನ್ನೊಮ್ಮೆ ಬೆಂಕಿಗಿಡುತ್ತಾನೆ. ಆ ಭರವಸೆಗೆ ಅವನು ಬೇರೆ ಬೆಲೆ ಹಾಕುವುದಿಲ್ಲ. ಸಾವಿರಾರು ಮೈಲಿ ಆಚೆ ತಯಾರಾದ ಚಾಕು ಕೊಳ್ಳುವವನಿಗೆ ಹೋಗಿ ಜಗಳವಾಡಲು ಕುಲುಮೆ ಎಲ್ಲಿದೆ? ಅಲಗಿನ ಮೇಲೆ ಕೊರೆದ ಹೆಸರೇ ಅವನ ಪಾಲಿಗೆ ಕಮ್ಮಾರನ ಮುಖ. ಬ್ರ್ಯಾಂಡಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ದೂರದ ಬೆಲೆ, ಮತ್ತು ಆ ಪಾಲು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಉಕ್ಕಿನ ಕತೆಯೂ ಪೂರ್ತಿ ಬುರುಡೆಯಲ್ಲ. ಈ ಚಾಕುಗಳ ಲೋಕದಲ್ಲಿ ಹೆಸರುವಾಸಿಯಾದ ಎಸ್30ವಿ ಉಕ್ಕನ್ನು ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ಹೊರತಂದಿತು. ಅದರ ಹಿಂದೆ ಕ್ರಿಸ್ ರೀವ್ ಅವರ ಸಲಹೆಯೂ ಇತ್ತು. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಪುಡಿಯಾಗಿಸಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡುತ್ತಾರೆ. ಶೇ 14ರಷ್ಟು ಕ್ರೋಮಿಯಂ ಇರುವುದರಿಂದ ಮಲೆನಾಡಿನ ಮಳೆಗೂ ಸುಲಭಕ್ಕೆ ತುಕ್ಕು ಹಿಡಿಯದು. ಶೇ 4ರಷ್ಟು ವೆನೇಡಿಯಂ ಇರುವುದರಿಂದ ಬಹುಕಾಲ ಹರಿತ ಉಳಿಯುತ್ತದೆ. ಆದರೆ ಆ ವೆನೇಡಿಯಂ ಕಾರ್ಬೈಡ್ ಕಣಗಳು ಸಾಮಾನ್ಯ ಸಾಣೆಕಲ್ಲಿಗಿಂತ ಗಟ್ಟಿ. ಒಮ್ಮೆ ಮೊಂಡಾಯಿತೋ, ಸೈಕಲ್ಲಿನ ಮೇಲೆ ಸಾಣೆಚಕ್ರ ಹೊತ್ತು ಬರುವವನ ಕೈಗೆ ಕೊಡುವಂತಿಲ್ಲ. ಚಕ್ರದ ಕಾವಿಗೆ ಅಂಚಿನ ಹದವೇ ಹೋದೀತು. ವಜ್ರದ ಪುಡಿ ಕೂರಿಸಿದ ಸಾಣೆಪಟ್ಟಿ ಬೇಕು, ಅದಕ್ಕೆ ಇನ್ನಷ್ಟು ದುಡ್ಡು. ಒರೆಗಾನ್‌ನ ಬೆಂಚ್‌ಮೇಡ್ ಕಂಪನಿ ತಾನು ಮಾರಿದ ಚಾಕುಗಳಿಗೆ ಕೊನೆತನಕ ಸಾಣೆ ಹಿಡಿದುಕೊಡುತ್ತದೆ. ಸಿಯಾಟಲ್‌ನಲ್ಲಿರುವ ಕನ್ನಡಿಗನಿಗೆ ಅದು ಸವಲತ್ತು. ಶಿವಮೊಗ್ಗದಲ್ಲಿರುವವನಿಗೆ ಅಂಚೆ ಖರ್ಚೇ ಹೊಸ ಚಾಕುವಿನ ಬೆಲೆ.

ಹಾಗಾದರೆ ಎಲ್ಲಿಯವರೆಗೆ ಕೊಡಬಹುದು? 20 ಡಾಲರಿನ ಅನಾಮಧೇಯ ಚಾಕುವಿಗೂ ಸ್ಪೈಡರ್ಕೊ ಕಂಪನಿಯ 150 ಡಾಲರಿನ ಚಾಕುವಿಗೂ ಇರುವ ಅಂತರ ಕೈಗೆ ಗೊತ್ತಾಗುತ್ತದೆ: ಅಲಗು ಅಲುಗಾಡದು, ಬೀಗ ಜಾರಿ ಬೆರಳ ಮೇಲೆ ಮಡಚಿಕೊಳ್ಳುವ ಭಯ ಕಡಿಮೆ, ಹರಿತ ಬಾಳುತ್ತದೆ. 150ರಿಂದ 450ಕ್ಕೆ ಹೋದಾಗ ಕೊಯ್ಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಕೊಡುವುದು ಜೋಡಣೆಯ ನಯಕ್ಕೆ, ಅಲಗು ತೆರೆದುಕೊಳ್ಳುವ ಸುಖಕ್ಕೆ. ಸುಖಕ್ಕೆ ದುಡ್ಡು ಕೊಡಬಾರದೆಂದು ನಾನು ಹೇಳುವುದಿಲ್ಲ. ಅದನ್ನು ‘ಅಗತ್ಯ’ ಎಂಬ ಕಾಲಂನಲ್ಲಿ ಬರೆಯಬೇಡಿ, ಅಷ್ಟೆ. ಅಂಥ ಚಾಕುವಿನಲ್ಲಿ ಹಲಸಿನ ಹಣ್ಣು ಬಿಡಿಸುವ ಸಾಹಸವನ್ನೂ ಮಾಡಬೇಡಿ. ಮೇಣ ಒಳಹೊಕ್ಕರೆ 35 ಸಾವಿರದ ನಯವೆಲ್ಲ ಅಲ್ಲೇ ಅಂಟಿ ಕೂರುತ್ತದೆ.

ಇನ್ನು ‘ಟ್ಯಾಕ್ಟಿಕಲ್’ ಎಂಬ ಪಟ್ಟಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು ಎನ್ನುವುದು ನನ್ನ ಖಚಿತ ಮಾತು. ಅದಕ್ಕೆ ಕಾರಣ ದಪ್ಪ. ಗಟ್ಟಿಮುಟ್ಟಾಗಿ ಕಾಣಲೆಂದು ಇಂಥ ಅನೇಕ ಚಾಕುಗಳ ಅಲಗನ್ನು ನಾಲ್ಕೈದು ಮಿಲಿಮೀಟರ್ ದಪ್ಪ ಇಡುತ್ತಾರೆ. ಅದು ಸೇಬನ್ನು ಹೋಳು ಮಾಡುವುದಿಲ್ಲ, ಸೀಳುತ್ತದೆ. ಅಮೆರಿಕದ ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ಚಾಕು ಉಕ್ಕುಗಳನ್ನು ಪರೀಕ್ಷೆಗೊಡ್ಡಿ ಮತ್ತೆ ಮತ್ತೆ ತೋರಿಸಿದ್ದೂ ಇದನ್ನೇ: ಉಕ್ಕಿನ ಜಾತಿಗಿಂತ ಅಂಚಿನ ಕೋನ ದೊಡ್ಡದು. ಸಾಧಾರಣ ಉಕ್ಕಿನ ತೆಳು ಅಂಚು, ದುಬಾರಿ ಉಕ್ಕಿನ ಮೋಟು ಅಂಚಿಗಿಂತ ಹೆಚ್ಚು ಹೊತ್ತು ಕೊಯ್ಯಬಲ್ಲದು. ಫ್ರಾನ್ಸಿನ ಸವಾಯ್ ಬೆಟ್ಟಗಳ ರೈತರು 1890ರ ದಶಕದಿಂದ ಜೇಬಿನಲ್ಲಿಟ್ಟುಕೊಂಡು ಬಂದ ಒಪಿನೆಲ್ ಚಾಕು, ಮರದ ಹಿಡಿಯ ತೆಳು ಅಲಗಿನದು, ಇಂದಿಗೂ 20 ಡಾಲರಿನ ಆಸುಪಾಸಿಗೆ ಸಿಗುತ್ತದೆ. ರೊಟ್ಟಿ, ಹಣ್ಣು, ಹಗ್ಗ ಕೊಯ್ಯುವಲ್ಲಿ ಎಷ್ಟೋ ‘ಟ್ಯಾಕ್ಟಿಕಲ್’ ಚಾಕುಗಳನ್ನು ಅದು ನಾಚಿಸುತ್ತದೆ.

ಯುದ್ಧಕ್ಕೆ ಹೋದವರ ಕೈಯಲ್ಲಿ ಏನಿತ್ತು? ಅಮೆರಿಕದ ಮರೀನ್ ಪಡೆ ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಒಪ್ಪಿಕೊಂಡದ್ದು ಕಾ-ಬಾರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಚಾಕು. ಮಾಮೂಲಿ ಕಾರ್ಬನ್ ಉಕ್ಕು, ಚರ್ಮದ ಬಿಲ್ಲೆ ಜೋಡಿಸಿದ ಹಿಡಿ. ಸೈನಿಕರು ಅದರಿಂದ ಡಬ್ಬಿ ತೆರೆದರು, ಗುಂಡಿ ತೋಡಿದರು, ಸೌದೆ ಸೀಳಿದರು. ಕ್ರಿಸ್ ರೀವ್ ಕಂಪನಿಯ ಚಾಕು ಸೈನ್ಯಕ್ಕೆ ಹೋಗಿಯೇ ಇಲ್ಲ ಎನ್ನಲಾಗದು. ಅಮೆರಿಕದ ಸ್ಪೆಷಲ್ ಫೋರ್ಸಸ್ ತರಬೇತಿ ಮುಗಿಸಿದವರಿಗೆ 2002ರಿಂದ ಯಾರ್ಬರೋ ಎಂಬ, ಕ್ರಮಸಂಖ್ಯೆ ಕೊರೆದ ಚಾಕು ಕೊಡುತ್ತಿದ್ದಾರೆ. ಆದರೆ ಅದು ಮೊದಲಿಗೆ ಗೌರವ, ಆಮೇಲೆ ಆಯುಧ. ಕೊಡಗಿನಲ್ಲಿ ಒಂದು ಕಾಲದ ಯುದ್ಧದ ಒಡಿಕತ್ತಿ ಇವತ್ತು ಮದುವೆ ಮನೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೆ ಹೊರಬರುವಂತೆಯೇ.

ಕಾನೂನಿನ ಮಾತೂ ಇದೆ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಆಯುಧಗಳ ಪಟ್ಟಿಯಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳಿವೆ. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ. ಮಡಚುಚಾಕುಗಳು ಅಳತೆಯಲ್ಲಿ ಪಾರಾಗುತ್ತವೆ. ಆದರೂ ರಾತ್ರಿ ನಾಕಾಬಂದಿಯಲ್ಲಿ ಬ್ಯಾಗು ತೆರೆಸಿದ ಪೇದೆಗೆ ಮರದ ಹಿಡಿಯ ಚಾಕು ತೋರಿಸಿ ‘ಹಣ್ಣು ಕೊಯ್ಯೋಕೆ ಸಾರ್’ ಎನ್ನುವುದು ಬೇರೆ, ತಲೆಬುರುಡೆ ಕೊರೆದ ಕಪ್ಪು ಅಲಗು ತೋರಿಸಿ ಅದೇ ಮಾತು ಹೇಳುವುದು ಬೇರೆ.

ಇಷ್ಟೆಲ್ಲ ಕೇಳಿದ ಮೇಲೂ ಹೆಸರಾಂತ ಚಾಕುವೇ ಬೇಕೆನಿಸಿದರೆ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ. ಬೆಂಚ್‌ಮೇಡ್, ಸ್ಪೈಡರ್ಕೊಗಳ ನಕಲಿಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಚಿಹ್ನೆ, ಡಬ್ಬಿ, ಉಕ್ಕಿನ ಹೆಸರು ಎಲ್ಲವನ್ನೂ ಕದ್ದಿರುತ್ತಾರೆ. ಕದಿಯಲಾಗದ್ದು ಹದ ಒಂದೇ. ಕಾಲು ಬೆಲೆಗೆ ಸಿಕ್ಕಿತೆಂದು ಅದನ್ನು ಕೊಂಡರೆ, ಯಾವುದಕ್ಕಾಗಿ ಬ್ರ್ಯಾಂಡಿಗೆ ಹಣ ಕೊಡುತ್ತೇವೋ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೊಂಡಂತಾಯಿತು. ಇತ್ತ ಚೀನಾದಲ್ಲಿ ಸಿವಿವಿಯಂಥ ಬ್ರ್ಯಾಂಡುಗಳು ತಮ್ಮದೇ ಹೆಸರು ಹಾಕಿ, ಸೆಬೆಂಜಾದ ಬೆಲೆಯ ಸಣ್ಣ ಪಾಲಿಗೆ ಒಳ್ಳೆಯ ಮಡಚುಚಾಕು ಮಾಡುತ್ತಿವೆ. ನಕಲಿಗೆ ಸುರಿಯುವ ಹಣಕ್ಕೆ ಅದೇ ಬರುತ್ತದೆ.