ಕೆಸರುಬಾವಿಗಿಳಿಯುವ ವಿದ್ಯೆ

ನಡುವಿಗೆ ಹಗ್ಗ ಬಿಗಿದು, ಗೆಳತಿಯರೊಡನೆ ಭೂಮಿಯ ಒಡಲಿಗಿಳಿದು, ಮೈಯೆಲ್ಲ ಕೆಸರು ಮಾಡಿಕೊಂಡು ಬರಬೇಕೆಂಬ ಆಸೆಯು ಈಚೆಗೆ ನಮ್ಮ ಸೋದರಿಯರಲ್ಲಿ ಕೆಲವರಿಗೆ ಹುಟ್ಟಿದೆ. ಇದನ್ನು ಕೇಳಿದೊಡನೆ ಹಿರಿಯರು ಹುಬ್ಬುಗಂಟಿಕ್ಕಿ, “ಹೆಣ್ಣುಮಕ್ಕಳಿಗೆ ಇದೆಲ್ಲ ಏತಕ್ಕೆ?” ಎನ್ನುವರು. ನಾವು ಹಾಗೆನ್ನುವವರಲ್ಲ. ಆಸೆಯು ಒಳ್ಳೆಯದೇ. ಆದರೆ ಹಗ್ಗದ ತುದಿಯಲ್ಲಿ ತೂಗುವವಳಾಗಲು ಎಲ್ಲರಿಗೂ ಮನಸ್ಸುಂಟು; ಮೇಲೆ ನಿಂತು ಹಗ್ಗ ಹಿಡಿಯುವವಳಾಗಲು ಯಾರಿಗೂ ಮನಸ್ಸಿಲ್ಲ. ನಮ್ಮ ಚಿಂತೆಯು ಇಷ್ಟೇ.

ಮೊದಲು ಸ್ಥಳದ ಮಾತನ್ನು ಆಡೋಣ. ಸುಣ್ಣಕಲ್ಲಿನ ಸೀಮೆಗಳಲ್ಲಿ ಮಳೆಯ ನೀರು ಅಂಗಾರಾಮ್ಲ ವಾಯುವನ್ನು (ಈಗಿನ ಪುಸ್ತಕಗಳು ಇದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ) ಹೀರಿಕೊಂಡು ಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸಿ ಗವಿಗಳನ್ನು ಮಾಡುತ್ತದೆ. ಮೇಘಾಲಯದಲ್ಲಿ 30 ಕಿಲೋಮೀಟರಿಗೂ ಉದ್ದವಾದ ಲಿಯಾಟ್ ಪ್ರಾ ಗವಿಯು ಇಂತಹುದು. ದಕ್ಷಿಣ ಕನ್ನಡದ ನೆಲ್ಲಿತೀರ್ಥದ ಗುಹೆಯಲ್ಲಿ ಭಕ್ತರು ಕೆಸರಿನ ಮೇಲೆ ಮೊಣಕಾಲೂರಿ ತೆವಳಿ ಹೋಗುವರು. ಆದರೆ ಅದು ಅಡ್ಡಲಾದ ದಾರಿ, ಹಗ್ಗ ಬೇಕಿಲ್ಲ. ಹುಣಸೂರು ರಸ್ತೆಯ ಮೇಲಿರುವ ನಮ್ಮ ಹಿನಕಲ್ಲಿನ ನೆಲವಾದರೋ ಗಟ್ಟಿ ಶಿಲೆಯದು. ನೀರಿಗೆ ಕರಗುವ ಕಲ್ಲು ಇದಲ್ಲ. ಇಲ್ಲಿ ನೆಟ್ಟಗೆ ಕೆಳಗಿಳಿಯುವ ಗವಿ ಬೇಕೆಂದರೆ ಮನುಷ್ಯನೇ ತೋಡಬೇಕು. ಹಾಗೆ ತೋಡಿದುದೇ ಬಾವಿ.

ಒಂದಾನೊಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು ಈಗ ಮೈಸೂರು ನಗರದೊಡನೆ ಬೆರೆತುಹೋಗಿರುವ ಇಂತಹ ಊರುಗಳಲ್ಲಿ, ನಲ್ಲಿಯ ನೀರೂ ಕೊಳವೆಬಾವಿಯೂ ಬಂದ ಮೇಲೆ ಸೇದುವ ಬಾವಿಗೆ ದಿಕ್ಕಿಲ್ಲವಾಯಿತು. ಕೆಲವು ಮುಚ್ಚಿಹೋದವು. ಉಳಿದವುಗಳಲ್ಲಿ ಎಲೆ, ಹೂಳು, ಪ್ಲಾಸ್ಟಿಕ್ ಕಸ ತುಂಬಿ ಕೊಳೆಯುತ್ತವೆ. ನೀರಿನ ಅಭಾವವಾದ ಬೇಸಗೆಯಲ್ಲಿ ಮಾತ್ರ ಜನರಿಗೆ ಅವುಗಳ ನೆನಪಾಗಿ ಹೂಳೆತ್ತಲು ಯಾರನ್ನಾದರೂ ಕರೆತರುವರು. ಅಪಾಯವು ಅಡಗಿರುವುದು ಇಲ್ಲಿಯೇ.

ಬಾವಿಗಿಳಿದವರು ಬಿದ್ದು ಸಾಯುವುದಕ್ಕಿಂತ ಉಸಿರು ಕಟ್ಟಿ ಸಾಯುವ ಭಯವೇ ಹೆಚ್ಚಿನದೆಂಬುದನ್ನು ವಾಚಕರು ಗಮನಿಸಬೇಕು. ಕೊಳೆತ ಪದಾರ್ಥವು ಪ್ರಾಣವಾಯುವನ್ನು ನುಂಗಿ ಅಂಗಾರಾಮ್ಲ ವಾಯುವನ್ನು ಬಿಡುತ್ತದೆ. ಇದು ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ಬಾವಿಯ ತಳದಲ್ಲಿ ಕಾಣದ ನೀರಿನಂತೆ ನಿಂತಿರುತ್ತದೆ. ನಮ್ಮ ಹಿರಿಯರು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರಿದರೆ ಇಳಿಯುತ್ತಿರಲಿಲ್ಲ. ಸೊಪ್ಪಿನ ಕೊಂಬೆಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಗಾಳಿಯನ್ನು ಕಲಕುತ್ತಿದ್ದರು. ಇದು ಬುದ್ಧಿವಂತಿಕೆಯೇ, ಸಂದೇಹವಿಲ್ಲ. ಆದರೆ ದೀಪವೊಂದನ್ನೇ ನಂಬುವುದು ಸಲ್ಲದು. ನೂರರಲ್ಲಿ ಸುಮಾರು 21 ಪಾಲಿರಬೇಕಾದ ಪ್ರಾಣವಾಯುವು 16–17ಕ್ಕೆ ಇಳಿಯುವವರೆಗೂ ಜ್ವಾಲೆಯು ಉರಿಯುತ್ತಲೇ ಇರಬಹುದು; ಕೊಳೆತ ಮೊಟ್ಟೆಯ ನಾತದ ವಿಷವಾಯುವನ್ನು ಅದು ತಿಳಿಸದು; ಉರಿಯುವ ವಾಯುವಿದ್ದರೆ ದೀಪವೇ ಮೃತ್ಯುವಾದೀತು. ಆ ನಾತವಾದರೂ ಮೂಗಿಗೆ ತಿಳಿಯದೇ ಎಂದರೆ, ವಿಷವು ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಅದು ಕುಂದಿಸಿಬಿಡುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿಯನ್ನು ಅರಿಯಲು ಪುಟ್ಟ ಹಕ್ಕಿಗಳನ್ನು ಒಯ್ಯುತ್ತಿದ್ದರು. 1986ರಲ್ಲಿ ಅವುಗಳ ಬದಲಿಗೆ ವಾಯುಮಾಪಕ ಯಂತ್ರ ಬಂದಿತು. ಅಂಗೈಯಗಲದ ಆ ಯಂತ್ರವು ಈಗ ಎಲ್ಲೆಡೆಯೂ ದೊರೆಯುತ್ತದೆ.

ಇದಕ್ಕಿಂತ ದುಃಖಕರವಾದ ಸಂಗತಿ ಇನ್ನೊಂದುಂಟು. ಕೆಳಗೆ ಒಬ್ಬನು ಕುಸಿದನೆಂದು ಕಂಡೊಡನೆ ತಮ್ಮನು ಇಳಿಯುವನು, ಅವನ ಹಿಂದೆ ನೆರೆಯವನು. ಮುಚ್ಚುಕಟ್ಟಿನ ಸ್ಥಳಗಳಲ್ಲಿ ಸತ್ತವರ ಪೈಕಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಹೀಗೆ ಬಿಡಿಸಲು ಹೋದವರೇ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 1986ರಲ್ಲಿ ಎಚ್ಚರಿಸಿತ್ತು. ಪ್ರೀತಿಯೇ ಅವರನ್ನು ಕೊಂದಿತೆನ್ನಬೇಕು. ಮೊದಲನೆಯವನ ಮೈಗೆ ಹಗ್ಗ ಕಟ್ಟಿದ್ದರೆ, ಯಾರೂ ಇಳಿಯದೆಯೇ ಅವನನ್ನು ಮೇಲೆಳೆಯಬಹುದಾಗಿತ್ತಲ್ಲವೇ? 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಬಾಲಕರೂ ಅವರ ಶಿಕ್ಷಕನೂ ಸಿಲುಕಿದಾಗ, ಎಲ್ಲರನ್ನೂ ಹೊರತಂದರು. ಆದರೆ ವಾಯುವಿನ ಸಿಲಿಂಡರುಗಳನ್ನು ಒಳಗೆ ಇರಿಸಿ ಮರಳುತ್ತಿದ್ದ ಸಮಾನ್ ಕುನಾನ್ ಎಂಬ ಪಳಗಿದ ಮುಳುಗುಗಾರನು ಪ್ರಾಣ ಬಿಟ್ಟನು. ಅಂತಹವನನ್ನೇ ಬಿಡದ ಕತ್ತಲೆಯು ನಮ್ಮನ್ನು ಬಿಟ್ಟೀತೇ?

ಹಗ್ಗದ ವಿಷಯದಲ್ಲಿಯೂ ಎರಡು ಮಾತು. ತೂಗುವ ಹಗ್ಗ ಒಂದು, ಜೀವ ಕಾಯುವ ಹಗ್ಗ ಇನ್ನೊಂದು. ಇವೆರಡನ್ನೂ ಬೇರೆಬೇರೆ ಆಧಾರಗಳಿಗೆ ಕಟ್ಟಬೇಕು. ಕೆಸರಿನ ಮರಳು ಎಳೆಗಳೊಳಗೆ ಹೊಕ್ಕು ಅರದಂತೆ ಕೊರೆಯುವುದರಿಂದ ಬಳಸಿದ ಹಗ್ಗವನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಗವಿಗಿಳಿಯುವವರಲ್ಲಿ ಒಂದು ಸಂಜ್ಞೆಯ ಕ್ರಮವಿದೆ: 1 ಸಲವೆಂದರೆ ನಿಲ್ಲು, 2 ಸಲವೆಂದರೆ ಮೇಲಕ್ಕೆ, 3 ಸಲವೆಂದರೆ ಕೆಳಕ್ಕೆ. ಸಂಜ್ಞೆಯು ಮೇಲಿನವಳಿಗೆ ತಿಳಿಯದಿದ್ದರೆ ಕೆಳಗಿನವಳ ಧೈರ್ಯಕ್ಕೆ ಏನು ಬೆಲೆ?

ವಿನೋದಕ್ಕಾಗಿ ಇಳಿಯುವ ನಮಗೆ ಎರಡು ಹಗ್ಗ, ತಲೆಗೆ ಗಟ್ಟಿ ಟೋಪಿ, ಮೇಲೆ ನಾಲ್ವರು ಗೆಳತಿಯರು ಬೇಕೆನ್ನುವುದು ನ್ಯಾಯವೇ. ಆದರೆ ಕೂಲಿಗಾಗಿ ಇಳಿಯುವವನಿಗೆ? ಬಾವಿ ತೋಡುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಭೋವಿ ಜನರು ಮಣ್ಣಿನ ಬಣ್ಣ ನೋಡಿ ಕುಸಿತವನ್ನು ಹೇಳಬಲ್ಲರು. ಅವರ ಜೀವಕ್ಕೆ ನಾವು ಕಟ್ಟುವ ಬೆಲೆಯು ಬಹಳ ಸ್ವಲ್ಪ. ಚರಂಡಿಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿತು. ಅಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಮನೆಯ ಹಿತ್ತಲಿನ ಬಾವಿಗೂ ಅದೇ ನಿಯಮವನ್ನು ನಾವೇ ವಿಧಿಸಿಕೊಳ್ಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯವು. ಇದಕ್ಕೆ ಸರ್ಕಾರದ ಆಜ್ಞೆ ಬರುವವರೆಗೆ ಕಾಯಬೇಕೆ?

ಆದಕಾರಣ ಸೋದರಿಯರಲ್ಲಿ ನಮ್ಮ ಸೂಚನೆ ಇದು. ವ್ಯಾಯಾಮದ ವೇಳೆಯಲ್ಲಿ ವಾರಕ್ಕೊಂದು ಗಂಟೆ ಗಂಟು ಹಾಕುವುದನ್ನೂ ರಾಟೆ ಕಟ್ಟುವುದನ್ನೂ ಕಲಿಯೋಣ. ಮೊದಲ ಆರು ತಿಂಗಳು ಯಾರೂ ಇಳಿಯಬಾರದು; ಮರಳಿನ ಮೂಟೆಯನ್ನು ಇಳಿಸಿ ಎತ್ತಿದರೆ ಸಾಕು. ಅನಂತರ ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಂತಹ ಸಂಸ್ಥೆಯ ಬೋಧಕರ ಕಣ್ಣೆದುರಿನಲ್ಲಿ, ಬಂಡೆಯ ಮೇಲೆ, ಹಗಲಿನಲ್ಲಿ ಇಳಿಯಬಹುದು. ಇನ್ನು ಶಾಲೆಗೆಂದು ಚಂದಾ ಎತ್ತುವುದಾದರೆ ಮೊದಲು ವಾಯುಮಾಪಕವೊಂದನ್ನು ಕೊಂಡು, ಬೇಸಗೆಯಲ್ಲಿ ಹೂಳೆತ್ತಿಸುವ ಮನೆಗಳವರು ಕೇಳಿದಾಗ ಎರವಲು ಕೊಡುವಂತೆ ಕಚೇರಿಯ ಬೀರುವಿನಲ್ಲಿ ಇಡಿಸಬೇಕು.