ಎತ್ತಿಗೆ ಜ್ವರ, ಎಮ್ಮೆಗೆ ಬರೆ

2022ರ ಅಕ್ಟೋಬರ್ ತಿಂಗಳು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ 6.1ನೇ ಆವೃತ್ತಿಗೆ ಸೇರಬೇಕಾದ ಬದಲಾವಣೆಗಳೆಲ್ಲ ಲೀನಸ್ ಟೋರ್ವಾಲ್ಡ್ಸ್ ಅವರ ಬಾಗಿಲಿಗೆ ಬಂದು ನಿಂತಿದ್ದ ಹೊತ್ತು. ಸರಿಯಾಗಿ ಆಗಲೇ ಅವರ ಮೇಜಿನ ಕಂಪ್ಯೂಟರ್ ಕೈಕೊಟ್ಟಿತು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅರ್ಧ ದಾರಿಯಲ್ಲೇ ಸತ್ತು ಬೀಳುತ್ತಿತ್ತು; ಮತ್ತೆ ರನ್ ಮಾಡಿದರೆ ಇನ್ನೆಲ್ಲೋ ಬೀಳುತ್ತಿತ್ತು. ಯಂತ್ರದಲ್ಲಿ ಓಡುತ್ತಿದ್ದದ್ದು ತಾವೇ ಕಟ್ಟಿಕೊಂಡ ಹೊಸ ಕರ್ನಲ್. ಹಾಗಾಗಿ ಅನುಮಾನ ಮೊದಲು ಹೋದದ್ದು ಅದರ ಮೇಲೆ, ಅಂದರೆ ತಮ್ಮದೇ ಕೂಸಿನ ಮೇಲೆ. ಹಳೆಯ ಕರ್ನಲ್‌ನಿಂದ ಬೂಟ್ ಮಾಡಿ ನೋಡಿದರು. ಕಾಯಿಲೆ ಹಾಗೇ ಇತ್ತು. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿಟ್ಟರು. ಸಿಕ್ಕಿಬಿದ್ದದ್ದು ಒಂದು ರ‍್ಯಾಮ್ ಸ್ಟಿಕ್. ಎರಡೂವರೆ ವರ್ಷ ಚಕಾರವೆತ್ತದೆ ದುಡಿದಿದ್ದ ಸ್ಟಿಕ್ ಅದು.

ಕರ್ನಲ್ ಬರೆದವರೇ ಕರ್ನಲ್ ಮೇಲೆ ಅನುಮಾನಪಟ್ಟರೆಂದಮೇಲೆ ಉಳಿದವರ ಪಾಡೇನು? ಕಂಪ್ಯೂಟರ್ ಲೋಕದಲ್ಲಿ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕುವುದು ಯಾರದೋ ದಡ್ಡತನವಲ್ಲ. ವ್ಯವಸ್ಥೆಯ ರಚನೆಯೇ ನಮ್ಮನ್ನು ಆ ಕಡೆ ತಳ್ಳುತ್ತದೆ. ಬಿದ್ದ ಪ್ರೋಗ್ರಾಮಿನ ಹೆಸರು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರುತ್ತದೆ. ಬೀಳಿಸಿದ್ದು ಯಾರೆಂದು ಎಲ್ಲೂ ಬರುವುದಿಲ್ಲ.

ಲಿನಕ್ಸ್, ಬಿಎಸ್‌ಡಿ, ಆಪಲ್‌ನ ಮ್ಯಾಕ್, ಹೀಗೆ ಯುನಿಕ್ಸ್ ವಂಶದ ಯಾವುದನ್ನೇ ತೆಗೆದುಕೊಳ್ಳಿ, ಪ್ರತಿ ಪ್ರೋಗ್ರಾಮಿಗೂ ತನ್ನದೇ ಆದ ವಿಳಾಸಗಳ ಒಂದು ಲೋಕವಿರುತ್ತದೆ. ಅದರಲ್ಲಿ ಕೆಲವು ಭಾಗವನ್ನಷ್ಟೇ ಕರ್ನಲ್ ಅದರ ಹೆಸರಿಗೆ ಬರೆದುಕೊಟ್ಟಿರುತ್ತದೆ. ತನ್ನದಲ್ಲದ ವಿಳಾಸಕ್ಕೆ ಪ್ರೋಗ್ರಾಮ್ ಕೈಚಾಚಿತೋ, ಪ್ರೊಸೆಸರ್ ಅಲ್ಲೇ ತಡೆದು ಕರ್ನಲ್‌ಗೆ ತಿಳಿಸುತ್ತದೆ. ಕರ್ನಲ್ 11ನೇ ನಂಬರಿನ ಸಿಗ್ನಲ್ ಕಳಿಸುತ್ತದೆ, ಪ್ರೋಗ್ರಾಮಿನ ಕಥೆ ಮುಗಿಯುತ್ತದೆ. ಇದೇ ಸೆಗ್ಮೆಂಟೇಶನ್ ಫಾಲ್ಟ್. ಈಗ ನೆನಪಿನಲ್ಲಿ ಕೂತಿರುವ ಒಂದು ವಿಳಾಸದಲ್ಲಿ, ಸೊನ್ನೆಯಿಂದ ಎಣಿಸಿದರೆ 40ನೆಯ ಬಿಟ್, 0 ಇದ್ದದ್ದು 1 ಆಯಿತು ಅನ್ನಿ. ವಿಳಾಸ ಒಂದೇ ನೆಗೆತಕ್ಕೆ ಒಂದು ಟೆರಾಬೈಟ್ ಆಚೆ ಹೋಗಿ ಬೀಳುತ್ತದೆ. ಅದನ್ನು ನಂಬಿ ಹೊರಟ ಪ್ರೋಗ್ರಾಮ್ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ಕೋಡ್‌ನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ಹಾಗಾದರೆ ಯಾವಾಗಲೂ ಕಂಪೈಲರೇ ಏಕೆ ಬೀಳುತ್ತದೆ? ಫೋಟೋ ತೋರಿಸುವ ಪ್ರೋಗ್ರಾಮಿನ ನೆನಪಿನಲ್ಲಿ ಒಂದು ಬಿಟ್ ಕೆಟ್ಟರೆ ಆಕಾಶದ ನೀಲಿಯಲ್ಲಿ ಒಂದು ಚುಕ್ಕೆ ಕೊಂಚ ಹಸಿರಾದೀತು, ಯಾರ ಕಣ್ಣಿಗೂ ಬೀಳದು. ಕಂಪೈಲರ್ ಹಾಗಲ್ಲ. ಅದು ತನ್ನ ನೆನಪನ್ನೆಲ್ಲ ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಹೆಣೆದ ವಿಳಾಸಗಳ ಬಲೆಯಾಗಿ ಇಟ್ಟುಕೊಂಡಿರುತ್ತದೆ. ಎಲ್ಲಿ ಎಳೆ ತುಂಡಾದರೂ ಅದು ಕೆಳಗೆ ಬರುತ್ತದೆ. 1990ರ ದಶಕದಲ್ಲಿ ಲಿನಕ್ಸ್ ಕರ್ನಲ್ಲನ್ನು ಮನೆಯಲ್ಲೇ ಕಂಪೈಲ್ ಮಾಡುತ್ತಿದ್ದವರಿಗೆ ಈ 11ನೇ ಸಿಗ್ನಲ್ ದೊಡ್ಡ ತಲೆನೋವಾಗಿತ್ತು. ಎಲ್ಲರೂ ಬೈಯುತ್ತಿದ್ದದ್ದು ಜಿಸಿಸಿ ಕಂಪೈಲರನ್ನು. ರೋಜಿಯರ್ ವೋಲ್ಫ್ ಎಂಬವರು ಆಗ ಇದಕ್ಕೆಂದೇ ಪ್ರಶ್ನೋತ್ತರಗಳ ಒಂದು ಪುಟ ಬರೆದರು. ಬಹಳಷ್ಟು ಸಲ ತಪ್ಪು ಕಂಪೈಲರಿನದಲ್ಲ, ಹಾರ್ಡ್‌ವೇರಿನದು, ಅದರಲ್ಲೂ ಮೆಮೊರಿಯದು ಎಂಬುದು ಅದರ ಸಾರ. ಅದರ ಹಿಂದಿನ ತರ್ಕ ಇಂದಿಗೂ ಹಳತಾಗಿಲ್ಲ: ಪ್ರತಿಸಲ ಒಂದೇ ಕಡತದ ಒಂದೇ ಸಾಲಿನಲ್ಲಿ ಬಿದ್ದರೆ ಸಾಫ್ಟ್‌ವೇರ್ ನೋಡಿ, ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ಡಬ್ಬಿ ಬಿಚ್ಚಿ. ಈ ನಿಯಮಕ್ಕೆ ಅಪವಾದವುಂಟು. ಎರಡು ಥ್ರೆಡ್‌ಗಳು ಒಂದೇ ವಸ್ತುವಿಗೆ ಏಕಕಾಲಕ್ಕೆ ಕೈಹಾಕುವ ಪ್ರೋಗ್ರಾಮಿನಲ್ಲಿ ತಪ್ಪು ಅಪ್ಪಟ ಸಾಫ್ಟ್‌ವೇರಿನದಾಗಿದ್ದರೂ ಬೀಳುವ ಜಾಗ ಬದಲಾಗುತ್ತಿರುತ್ತದೆ. ಆದರೂ ಮೊದಲ ಪ್ರಶ್ನೆಯಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಒಂದೇ ಕಡೆ ಬೀಳುವ ಕಾಯಿಲೆಯಾದರೆ ದಾರಿ ಸಲೀಸು. ಹಿಂದಿನ ಆವೃತ್ತಿ ಚೆನ್ನಾಗಿತ್ತು, ಈಗಿನದು ಬೀಳುತ್ತಿದೆ, ನಡುವೆ 10,000 ಬದಲಾವಣೆಗಳಾಗಿವೆ. ನಟ್ಟನಡುವಿನದನ್ನು ಕಟ್ಟಿ ನೋಡುವುದು. ಬಿದ್ದರೆ ಮೊದಲರ್ಧ, ನಿಂತರೆ ಎರಡನೆಯರ್ಧ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 14 ಸಲದೊಳಗೆ ಒಂದೇ ಒಂದು ಬದಲಾವಣೆ ಕೈಗೆ ಸಿಗುತ್ತದೆ. 2005ರಲ್ಲಿ ಟೋರ್ವಾಲ್ಡ್ಸ್ ಬರೆದ, ಕೋಡ್ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಇದಕ್ಕೆಂದೇ ಬೈಸೆಕ್ಟ್ ಎಂಬ ಆಜ್ಞೆಯಿದೆ. ಆದರೆ ಆಗೊಮ್ಮೆ ಈಗೊಮ್ಮೆ ಬೀಳುವ ಯಂತ್ರದ ಮೇಲೆ ಇದನ್ನು ಪ್ರಯೋಗಿಸಿದಿರೋ ಕೆಟ್ಟಿರಿ. ಅದೃಷ್ಟವಶಾತ್ ಬೀಳದೆ ಉಳಿದ ಒಂದು ಸಲವನ್ನು ‘ಚೆನ್ನಾಗಿದೆ’ ಎಂದು ಗುರುತು ಹಾಕಿದಿರಿ ಎಂದರೆ ಅಲ್ಲಿಂದಾಚೆಗೆ ಎಲ್ಲವೂ ಅಡ್ಡದಾರಿ. ಗಣಿತದ ಠೀವಿಯಿಂದಲೇ ಅದು ಕೊನೆಗೆ ಯಾವುದೋ ಊರಿನ ಯಾವುದೋ ನಿರಪರಾಧಿ ಪ್ರೋಗ್ರಾಮರನ ಹೆಸರು ತಂದು ನಿಮ್ಮ ಮುಂದಿಡುತ್ತದೆ.

ಪ್ರೋಗ್ರಾಮರುಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಒಂದು ಮಾತಿದೆ: ಮೊದಲು ನಿನ್ನ ಕೋಡ್ ನೋಡಿಕೋ, ಆಮೇಲೆ ಕಂಪೈಲರ್, ಪ್ರೊಸೆಸರ್ ಮೇಲೆ ಗೂಬೆ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಇದು ನಿಜ. ಆ ಉಳಿದ ಒಂದರ ಕಥೆ ಮ್ಯಾಥ್ಯೂ ಡಿಲನ್ ಅವರದು. ಫ್ರೀಬಿಎಸ್‌ಡಿಯಿಂದ ಕವಲೊಡೆದು 2003ರಲ್ಲಿ ಡ್ರ್ಯಾಗನ್‌ಫ್ಲೈ ಬಿಎಸ್‌ಡಿಯನ್ನು ಶುರುಮಾಡಿದವರು ಇವರು. ಅವರ ವ್ಯವಸ್ಥೆಯಲ್ಲಿ ಎಎಂಡಿ ಪ್ರೊಸೆಸರುಗಳ ಮೇಲೆ ಜಿಸಿಸಿ ಯಾವಾಗಲೋ ಒಮ್ಮೆ ಬೀಳುತ್ತಿತ್ತು. ಚಿಕ್ಕ ಬಳಗದ ವ್ಯವಸ್ಥೆ. ಯಾರೇ ಆದರೂ ಮೊದಲು ಅವರ ಕರ್ನಲ್ಲನ್ನೇ ಅನುಮಾನಿಸುತ್ತಾರೆ. ಅವರೂ ಅದನ್ನೇ ಮಾಡಿದರು. ಸ್ಟಿಕ್ ಕೆಟ್ಟಿರಬಹುದೇ ಎಂದರೆ, ಬೇರೆ ಬೇರೆ ಯಂತ್ರಗಳಲ್ಲೂ ಅದೇ ಕಾಯಿಲೆ. ತಿಂಗಳುಗಟ್ಟಲೆ ಹಿಂದೆ ಬಿದ್ದು, ಬಿದ್ದ ಕ್ಷಣದ ನೆನಪಿನ ಪ್ರತಿಗಳನ್ನು ಸೋಸಿ ನೋಡುತ್ತ ಹೋದಾಗ, ಎಲ್ಲ ಸಾವುಗಳೂ ಜಿಸಿಸಿಯ ಒಳಗಿನ ಒಂದು ಪುಟ್ಟ ಫಂಕ್ಷನ್ನಿನತ್ತ ಬೆರಳು ಮಾಡಿದವು. ಆ ಫಂಕ್ಷನ್ನಿನ ಹೆಸರು ಫಿಲ್ ಸನ್ಸ್ ಇನ್ ಲೂಪ್. ಅದು ಮುಗಿಯುವಾಗ ಸ್ಟ್ಯಾಕ್‌ನಿಂದ ಒಂದರ ಹಿಂದೊಂದು ಬೆಲೆಗಳನ್ನು ತೆಗೆದುಕೊಂಡು ಹಿಂತಿರುಗುತ್ತದೆ. ತೀರಾ ವಿಶೇಷ ಸಂದರ್ಭವೊಂದರಲ್ಲಿ ಪ್ರೊಸೆಸರ್ ಆ ಸಾಲು ಸಾಲು ತೆಗೆಯುವಿಕೆಯ ಲೆಕ್ಕ ತಪ್ಪಿ, ಸ್ಟ್ಯಾಕ್ ಎಲ್ಲಿದೆಯೆಂಬ ಗುರುತನ್ನೇ ತಪ್ಪಾಗಿ ಬರೆದುಕೊಳ್ಳುತ್ತಿತ್ತು. 2012ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡಿತು: ತನ್ನ ಕೆಲವು ಪ್ರೊಸೆಸರ್ ಕುಟುಂಬಗಳಲ್ಲಿ ದೋಷವಿರುವುದು ಹೌದು. ಡಿಲನ್ ಪ್ರೊಸೆಸರನ್ನು ಬೈದದ್ದು ಕೊನೆಗೇ; ಬೈಯುವ ಹೊತ್ತಿಗೆ ಉಳಿದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಬಂದಿದ್ದರು.

ನಮಗೆ ಹತ್ತಿರದ ಒಂದು ಪ್ರಸಂಗವೂ ಇದೆ. 2018ರ ಫೆಬ್ರವರಿಯಲ್ಲಿ ‘ತೆಲುಗಿನ ಒಂದಕ್ಷರ ಐಫೋನ್ ಕೆಡಿಸುತ್ತದೆ’ ಎಂಬ ಸುದ್ದಿ ಜಗತ್ತೆಲ್ಲ ಓಡಾಡಿತು. ಅಕ್ಷರ ‘ಜ್ಞಾ’. ತೆಲುಗು ಲಿಪಿಯಲ್ಲಿ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಚಿಹ್ನೆಯೂ ಸೇರಿ ಅದು ಸಂದೇಶದಲ್ಲಿ ಬಂದರೆ, ತೆರೆದ ಆ್ಯಪ್ ಬೀಳುತ್ತಿತ್ತು. ನೋಟಿಫಿಕೇಶನ್ನಿನಲ್ಲಿ ಬಂದರೆ ಫೋನೇ ತತ್ತರಿಸುತ್ತಿತ್ತು. ಮ್ಯಾಕ್‌ನಲ್ಲೂ ಅದೇ ಪಾಡು. ಎರಡರ ಬುಡದಲ್ಲಿರುವುದೂ ಯುನಿಕ್ಸ್ ಮೂಲದ ಡಾರ್ವಿನ್ನೇ. ಮುಂದೆ ತಿಳಿದದ್ದೇನೆಂದರೆ, ಇದು ತೆಲುಗಿಗಷ್ಟೇ ಸೇರಿದ್ದಲ್ಲ; ದೇವನಾಗರಿ, ಬಂಗಾಳಿಗಳ ಕೆಲವು ಒತ್ತಕ್ಷರಗಳೂ ಅದೇ ಆಟ ಆಡುತ್ತಿದ್ದವು. ದೋಷವಿದ್ದದ್ದು ಅಕ್ಷರಗಳನ್ನು ಜೋಡಿಸಿ ಪರದೆಗೆ ಬರೆಯುವ ಆಪಲ್‌ನ ಕೋಡ್‌ನಲ್ಲಿ. ಅದೇ ತಿಂಗಳ 19ರಂದು ಐಓಎಸ್ 11.2.6 ಹೊರಬಂದು ಸರಿಹೋಯಿತು. ಆದರೆ ಸುದ್ದಿಯ ತಲೆಬರಹಗಳಲ್ಲಿ ಅಪರಾಧಿಯಾಗಿ ಉಳಿದದ್ದು ಶತಮಾನಗಳಿಂದ ತನ್ನ ಪಾಡಿಗೆ ತಾನಿದ್ದ ಒಂದು ಒತ್ತಕ್ಷರ.

ಕೆಲವೊಮ್ಮೆ ಬರೆ ಹಾಕುವುದು ಕರ್ನಲ್ ತಾನೇ. ಕೇಳಿದವರಿಗೆಲ್ಲ ಮೆಮೊರಿ ಕೊಡುತ್ತೇನೆಂದು ಇರುವುದಕ್ಕಿಂತ ಹೆಚ್ಚಿಗೆ ಮಾತು ಕೊಡುವುದು ಲಿನಕ್ಸ್‌ನ ರೂಢಿ. ಕೇಳಿದ್ದನ್ನೆಲ್ಲ ಎಲ್ಲರೂ ಬಳಸುವುದಿಲ್ಲವೆಂಬ ಭರವಸೆ ಅದಕ್ಕೆ. ಎಲ್ಲರೂ ಒಮ್ಮೆಲೇ ಬಂದು ನಿಂತರೆ ಔಟ್ ಆಫ್ ಮೆಮೊರಿ ಕಿಲ್ಲರ್ ಎದ್ದು, ಅಂಕ ಹಾಕಿ, ಹೆಚ್ಚಾಗಿ ದೊಡ್ಡ ಹೊಟ್ಟೆಯವನನ್ನೇ ಕೊಲ್ಲುತ್ತದೆ. ಹೀಗೆ ಪಕ್ಕದ ಯಾವುದೋ ಸ್ಕ್ರಿಪ್ಟ್ ಮಾಡಿದ ಸೋರಿಕೆಗೆ ಡೇಟಾಬೇಸ್ ಬಲಿಯಾಗುತ್ತದೆ. ಬೆಳಿಗ್ಗೆ ಬೈಸಿಕೊಳ್ಳುವವರು ಡೇಟಾಬೇಸ್ ನೋಡಿಕೊಳ್ಳುವವರು. 2004ರಲ್ಲಿ ಆಂಡ್ರೀಸ್ ಬ್ರೌವರ್ ಇದನ್ನು ಇಂಧನ ಕಮ್ಮಿ ತುಂಬಿಕೊಂಡು ಹಾರಿ, ಅಗತ್ಯ ಬಿದ್ದಾಗ ಪ್ರಯಾಣಿಕರನ್ನೇ ಹೊರಗೆಸೆಯುವ ವಿಮಾನ ಕಂಪನಿಯ ಕಥೆಯಾಗಿ ಹೇಳಿ ಕುಟುಕಿದ್ದರು. ಕಥೆ ಎಲ್ಲರಿಗೂ ಮೆಚ್ಚುಗೆಯಾಯಿತು. ಕಿಲ್ಲರ್ ಇನ್ನೂ ಇದೆ.

ಕರ್ನಲ್ ತಾನೇ ಬಿದ್ದರೆ? ಇದಕ್ಕೆ ಉತ್ತರದ ಬೇರು ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲೇ ಇದೆ. ಯುನಿಕ್ಸ್‌ಗೆ ಮುಂಚಿನ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ಒಂದು ಪ್ರಸಂಗ ಹೇಳುತ್ತಾರೆ. ತಾವು ಬರೆಯುವ ಕೋಡ್‌ನಲ್ಲಿ ಅರ್ಧದಷ್ಟು ಎಡವಟ್ಟಾದಾಗ ಚೇತರಿಸಿಕೊಳ್ಳುವುದಕ್ಕೇ ಹೋಗುತ್ತದೆಂದು ಅವರು ಡೆನ್ನಿಸ್ ರಿಚಿ ಬಳಿ ಅಂದರಂತೆ. ನಾವು ಅದೆಲ್ಲ ಕೈಬಿಟ್ಟಿದ್ದೇವೆ, ಪ್ಯಾನಿಕ್ ಅಂತ ಒಂದು ರೂಟೀನ್ ಇದೆ, ಅದನ್ನು ಕರೆದರೆ ಯಂತ್ರ ಬೀಳುತ್ತದೆ, ಓಣಿಯಲ್ಲಿ ನಿಂತು ರೀಬೂಟ್ ಮಾಡ್ರಯ್ಯಾ ಅಂತ ಕೂಗುತ್ತೇವೆ ಎಂಬರ್ಥದ ಉತ್ತರ ರಿಚಿಯವರಿಂದ ಬಂತು. ಕೇಳಲು ಉಡಾಫೆ ಅನ್ನಿಸುತ್ತದೆ. ನನಗೆ ಇದರಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ತಪ್ಪಾದ ಮೇಲೂ ಬೀಳದ ಯಂತ್ರ ಏನು ಮಾಡೀತೆಂಬುದಕ್ಕೆ ಬೆಲ್ಜಿಯಂನ ಸ್ಕಾರ್ಬೀಕ್ ಸಾಕ್ಷಿ. 2003ರ ಮೇ 18ರ ಚುನಾವಣೆಯಲ್ಲಿ ಅಲ್ಲಿನ ಒಬ್ಬ ಅಭ್ಯರ್ಥಿಗೆ ಎಲೆಕ್ಟ್ರಾನಿಕ್ ಎಣಿಕೆ 4096 ಮತ ಹೆಚ್ಚಿಗೆ ಕೊಟ್ಟಿತು. ಎರಡರ ಹನ್ನೆರಡನೆಯ ಘಾತ. ಅಂದರೆ ಒಂದೇ ಒಂದು ಬಿಟ್ ಮಗುಚಿದ ಲೆಕ್ಕ. ಅಷ್ಟು ಮತ ಬರಲು ಸಾಧ್ಯವೇ ಇರಲಿಲ್ಲವಾದ್ದರಿಂದ ಗೊತ್ತಾಯಿತು. ಅದೇ ತಪ್ಪು ಕೆಳಗಿನ ಬಿಟ್‌ನಲ್ಲಾಗಿ 16 ಮತ ಹೆಚ್ಚಿದ್ದರೆ?

ಆದರೆ ಇಲ್ಲೂ ಎರಡು ಮಾತಿದೆ. ಸಣ್ಣ ಅನುಮಾನಕ್ಕೂ ಯಂತ್ರವನ್ನು ಕೆಡವುವ ಸಾಲುಗಳನ್ನು ಕರ್ನಲ್‌ಗೆ ಸೇರಿಸುವವರ ಮೇಲೆ ಟೋರ್ವಾಲ್ಡ್ಸ್ ಹಲವು ಸಲ ಹರಿಹಾಯ್ದಿದ್ದಾರೆ. ಎಚ್ಚರಿಕೆ ಬರೆದು ಮುಂದೆ ಸಾಗು, ಕೆಡವಿದರೆ ಬಳಕೆದಾರನ ಕೆಲಸವೂ ಹೋಯಿತು, ಕಾರಣ ಹೇಳುವ ಲಾಗೂ ಹೋಯಿತು ಎಂಬುದು ಅವರ ವಾದ. ಲಾಗ್ ಹೋಗುವುದು ಉತ್ಪ್ರೇಕ್ಷೆಯಲ್ಲ. ಯಂತ್ರ ಹ್ಯಾಂಗ್ ಆದಾಗ ನಮಗೆ ಬೇಕಾದ ಕೊನೆಯ ನಾಲ್ಕು ಸಾಲು ಇನ್ನೂ ರ‍್ಯಾಮಿನಲ್ಲೇ ಇರುತ್ತವೆ, ಡಿಸ್ಕ್ ಮುಟ್ಟಿರುವುದಿಲ್ಲ. ಬಿದ್ದ ಕರ್ನಲ್ ಕೈಲಿ ಡಿಸ್ಕ್‌ಗೆ ಬರೆಸೋಣವೆಂದರೆ, ಬುದ್ಧಿ ಕೆಟ್ಟವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟಂತೆ. ಲಿನಕ್ಸ್‌ನ ಕೆಡಂಪ್ ಇದಕ್ಕೆ ಕಂಡುಕೊಂಡ ಉಪಾಯ ಚೆಂದವಾಗಿದೆ: ಮೆಮೊರಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ, ಅಲ್ಲಿ ಎರಡನೆಯ ಕರ್ನಲ್ ಇಟ್ಟಿರುವುದು. ಮೊದಲನೆಯದು ಪ್ಯಾನಿಕ್ ಆದ ಕ್ಷಣ ಎರಡನೆಯದು ಎದ್ದು, ಮೊದಲನೆಯದರ ನೆನಪನ್ನು ಇದ್ದಂತೆಯೇ ಡಿಸ್ಕ್‌ಗೆ ಎತ್ತಿಡುತ್ತದೆ. ಸರ್ವರುಗಳಲ್ಲಿ ಇದು ಸಾಮಾನ್ಯ. ಮನೆಯ ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಮನೆಯ ಯಂತ್ರದಲ್ಲಿಲ್ಲದ ಇನ್ನೊಂದು ಇಸಿಸಿ. ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚಿಗೆ ಇಟ್ಟು, ಒಂದು ಬಿಟ್ ಕೆಟ್ಟರೆ ತಾನೇ ತಿದ್ದಿ, ಎರಡು ಕೆಟ್ಟರೆ ಬೊಬ್ಬೆ ಹೊಡೆಯುವ ಮೆಮೊರಿ ಅದು. ತನ್ನ ಸರ್ವರುಗಳನ್ನು ಹೀಗೆ ಗಮನಿಸಿ ಗೂಗಲ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳು ತಪ್ಪು ಮಾಡಿದ್ದವು. ಅದಕ್ಕೆ ಬಹುಪಾಲು ಕಾರಣ ಅಂತರಿಕ್ಷದಿಂದ ಬಂದ ಕಿರಣಗಳಲ್ಲ, ಚಿಪ್ಪಿನಲ್ಲೇ ಇರುವ ಖಾಯಂ ದೋಷ ಎಂಬುದು ಅಲ್ಲಿ ಸಿಕ್ಕ ಸುಳಿವು. ಕಾಸ್ಮಿಕ್ ಕಿರಣಗಳೂ ಎಷ್ಟೋ ಸಲ ಎಮ್ಮೆಯೇ. ಇಸಿಸಿ ಇಲ್ಲದ ಯಂತ್ರದಲ್ಲಿ ಇಂಥ ತಪ್ಪು ಲಾಗಿನಲ್ಲಿ ಒಂದು ಸಾಲಾಗಿಯೂ ಬರುವುದಿಲ್ಲ. ಈ ಮೆಮೊರಿ ಸಾಮಾನ್ಯರ ಕೈಗೆಟುಕದಂತೆ ಮಾಡಿದ್ದಕ್ಕೆ ಟೋರ್ವಾಲ್ಡ್ಸ್ 2021ರಲ್ಲಿ ಇಂಟೆಲ್‌ನ ಮಾರುಕಟ್ಟೆ ನೀತಿಯನ್ನು ತರಾಟೆಗೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ.

ನಮ್ಮೂರ ರಿಪೇರಿ ಅಂಗಡಿಗಳಲ್ಲಿ ಹೀಗೆ ಆಗೊಮ್ಮೆ ಈಗೊಮ್ಮೆ ಬೀಳುವ ಯಂತ್ರಕ್ಕೆ ಸಿಗುವ ಮೊದಲ ಔಷಧ ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’. ಪಳಗಿದ ಕೈಯವರು ಹಾಗೆ ಮಾಡುವುದಿಲ್ಲ. ಡಬ್ಬಿ ಬಿಚ್ಚಿ, ಸ್ಟಿಕ್ ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲಾ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಸಂಪರ್ಕ ಮಸುಕಾದದ್ದಷ್ಟೇ ಕಾರಣವಾಗಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಎರಡು ಸ್ಟಿಕ್‌ಗಳಲ್ಲಿ ಒಂದನ್ನೇ ಇಟ್ಟು ರಾತ್ರಿಯಿಡೀ ಮೆಮ್‌ಟೆಸ್ಟ್, ಮರುದಿನ ಇನ್ನೊಂದು, ಆಮೇಲೆ ಸ್ಲಾಟ್ ಬದಲಿಸಿ ಮತ್ತೆ. ತಪ್ಪು ಸ್ಟಿಕ್ಕಿನ ಜೊತೆ ಓಡಾಡಿದರೆ ಸ್ಟಿಕ್ ಕೆಟ್ಟಿದೆ, ಸ್ಲಾಟಿನಲ್ಲೇ ನಿಂತರೆ ಮದರ್‌ಬೋರ್ಡ್. ಎರಡೂ ಅಲ್ಲವಾದರೆ ಪವರ್ ಸಪ್ಲೈ ಬದಲಿಸಿ ನೋಡಬೇಕು. ಅದಕ್ಕೆ ಅಂಗಡಿಯವರ ಹತ್ತಿರ ಒಂದು ಒಳ್ಳೆಯದನ್ನು ಎರಡು ದಿನಕ್ಕೆ ಕಡ ತಂದರೆ ಸಾಕು.