ಆಟಿಸಂ: ಮಗುವಿಗೆ ಕಾಯ್ದೆ ಉಂಟು, ತಾಯಿಗೆ?

ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಮಾತು ಬಾರದ, ಸಣ್ಣ ಸದ್ದಿಗೂ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಕಂಡರೆ ಜನ ದೂರುವುದು ತಾಯಿಯನ್ನೇ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ವಾದವನ್ನು ವೈದ್ಯಲೋಕ ಕೈಬಿಟ್ಟು ದಶಕಗಳಾಗಿವೆ. ಸಮಾಜ ಮಾತ್ರ ಇನ್ನೂ ಬಿಟ್ಟಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂಗೆ ಸ್ಥಾನವಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಗುರುತಿಸಿತು. 2016ರ ಕಾಯ್ದೆ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ‘ನಿರಾಮಯ’ ಯೋಜನೆಯಡಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ. ಇವೆಲ್ಲ ಮಗುವಿನ ಹೆಸರಿನಲ್ಲಿವೆ.

ಆದರೆ ಈ ಮಕ್ಕಳಿಗೆ ಬೇಕಾದದ್ದು ಒಂದು ದಿನದ ಔಷಧವಲ್ಲ; ಮಾತು ಮತ್ತು ನಡವಳಿಕೆಯ ವರ್ಷಗಟ್ಟಲೆ ತರಬೇತಿ. ಗದಗ ಜಿಲ್ಲೆಯ ರೋಣದಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರುವಷ್ಟರಲ್ಲಿ ಕೂಲಿಕಾರ ತಾಯಿಯ ಒಂದು ದಿನದ ದುಡಿಮೆ ಹೋಗುತ್ತದೆ. ತಜ್ಞರು ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ನಿತ್ಯ ಮಾಡಿಸಬೇಕಾದವಳೂ ಆಕೆಯೇ. ಇಂಥ ಮಕ್ಕಳ ತಾಯಂದಿರಲ್ಲಿ ಒತ್ತಡ, ಖಿನ್ನತೆ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ತಾಯಿ ಕುಸಿದರೆ ಮಗುವಿನ ತರಬೇತಿಯೂ ನಿಲ್ಲುತ್ತದೆ. ಆದ್ದರಿಂದ ಆಕೆಯ ಆರೈಕೆ ದಯೆಯ ವಿಷಯವಲ್ಲ, ಚಿಕಿತ್ಸೆಯ ಭಾಗ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೇ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿ 14416 ಇದೆ. ಇವು ಒಂದಕ್ಕೊಂದು ಕೂಡಬೇಕಷ್ಟೆ. ಮಗುವಿನ ತಪಾಸಣೆಯ ದಿನವೇ ತಾಯಿಯ ನಿದ್ದೆ, ಊಟ, ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ತರಬೇತಿ ದೊರೆಯಬೇಕು. ಆಗ ಕಾಯ್ದೆಯ ಪಟ್ಟಿಯಲ್ಲಿರುವ ಹಕ್ಕು ರೋಣದ ಮನೆಯಂಗಳವನ್ನೂ ತಲುಪೀತು.